ಚೆಲುವರಾಜ ಟ್ಯಾಬು ಕೂರಿಸಿದ್ದು

ಮೊದಲು ಒಂದು ಒಗಟು.

ಎರಡು ರೆಕ್ಕೆ, ಮೂರು ಗಾಲಿ, ಎರಡು ಸೀಟು. ಇಬ್ಬರು ಕೂತರೆ ಒಬ್ಬನೇ ಹಾರ್ತಾನೆ. ಒಬ್ಬ ಕೂತರೆ ಇಬ್ಬರು ಹಾರ್ತಾರೆ. ಹೇಗೆ?

ತಲೆ ಕೆರ್ಕೋಬೇಡಿ, ಬರಲ್ಲ. ಒಗಟು ಹೇಳಿದವನಿಗೇ ಬಂದಿಲ್ಲ.

ಕಪಿಲಾ ನದಿಯ ದಂಡೆ. ಒಂದು ತಗಡಿನ ಶೆಡ್ಡು. ಶೆಡ್ಡಿನ ಮುಂದೆ ಅರ್ಧ ಮೈಲಿ ಡಾಂಬರು. ಒಳಗೆ ಒಂದೇ ಒಂದು ಪುಟ್ಟ ವಿಮಾನ.

ಸುತ್ತಮುತ್ತಲಿನವರು ಅದನ್ನ ಆಶ್ರಮ ಅಂತಲೇ ಕರೀತಾರೆ. ಬೆಳಗ್ಗೆ ಐದಕ್ಕೆ ಏಳಬೇಕು, ನೆಲದ ಮೇಲೆ ಕೂತು ಉಣ್ಣಬೇಕು, ಗುರುಗಳು ಹೇಳದೆ ಏನನ್ನೂ ಮುಟ್ಟಬಾರದು. ಮತ್ತಿನ್ನೇನಂತ ಕರೀತಾರೆ?

ಗುರುಗಳ ಹೆಸರು ಕುಶಾಲಪ್ಪ. ವಯಸ್ಸು ಅರವತ್ತೆಂಟು. ಖಾಕಿ ಚಡ್ಡಿ, ಹವಾಯಿ ಚಪ್ಪಲಿ. ಹಾರಿದ ಗಂಟೆಗಳನ್ನೆಲ್ಲ ಕೂಡಿದರೆ ಎರಡು ವರ್ಷ ಮನುಷ್ಯ ನೆಲಾನೇ ಮುಟ್ಟಿಲ್ಲ.

ಶಿಷ್ಯರು ಇಬ್ಬರು. ಕೊಳ್ಳೇಗಾಲದ ಚೆಲುವರಾಜ, ಬಂದು ಹದಿನಾಲ್ಕು ತಿಂಗಳು. ಬಂಟ್ವಾಳದ ಜೆಸಿಂತಾ, ಬಂದು ಆರು ತಿಂಗಳು.

ಬರೋ ಸೋಮವಾರ ವಿಮಾನದ ಎಂಜಿನ್ ಬಿಚ್ಚೋರು ಬರ್ತಾರೆ. ಬಿಚ್ಚಿದರೆ ಮೂರು ತಿಂಗಳು ಹಾರಾಟ ಬಂದ್. ಅಷ್ಟರೊಳಗೆ ಸೋಲೋ ಆಗಬೇಕು. ಸೋಲೋ ಅಂದ್ರೆ, ಗುರು ಇಳೀತಾರೆ, ಶಿಷ್ಯ ಒಬ್ಬನೇ ಹಾರಿ ಒಂದು ಸುತ್ತು ಹೊಡೆದು ಬಂದು ಇಳೀಬೇಕು.

ಸೋಲೋ ಆದವನು ಹಕ್ಕಿ. ಆಗದವನು ಕೋಳಿ. ಆಶ್ರಮದಲ್ಲಿ ಇರೋದು ಎರಡೇ ಜಾತಿ.

ಹದಿನಾಲ್ಕು ತಿಂಗಳಿಂದ ಚೆಲುವರಾಜ ಕೋಳಿ.

ತಕರಾರು ಶುರುವಾಗಿದ್ದು ಒಂದು ಎಲಾಸ್ಟಿಕ್ಕಿನಿಂದ.

ನಕ್ಷೆಯೆಲ್ಲ ಈಗ ಟ್ಯಾಬಿನಲ್ಲಿ. ಜೆಸಿಂತಾಳ ಟ್ಯಾಬು ಹಾರೋವಾಗ ಮಡಿಲಿನಿಂದ ಜಾರಿ ಕಾಲಡಿ ಪೆಡಲಿಗೆ ಸಿಕ್ಕಿಕೊಂಡಿತು. ಇಳಿದ ಮೇಲೆ ಅವಳು ಗುರುಗಳ ಹತ್ತಿರ ಹೋದಳು.

“ಗುರುಗಳೇ, ಇದು ಜಾರ್ತದೆ. ಎಂತ ಮಾಡುದು?”

ಗುರುಗಳು ಒಳಗೆ ಹೋಗಿ ತಮ್ಮ ಒಂದು ಹಳೆ ಚಡ್ಡಿ ತಂದರು. ಸೊಂಟದ ಎಲಾಸ್ಟಿಕ್ ಎಳೆದು ಬಿಚ್ಚಿದರು. ಸೂಜಿಗೆ ದಾರ ಪೋಣಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಟ್ಯಾಬಿನ ಚೀಲಕ್ಕೆ ಅದನ್ನ ಹೊಲಿದರು.

“ತೊಡೆಗೆ ಕಟ್ಟಿಕೋ.”

ಅಷ್ಟೇ ಆಗಿದ್ದು.

ಚೆಲುವರಾಜ ಅವತ್ತು ಊಟ ಮಾಡಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಗುರುಗಳು ಅವನಿಗೆ ಒಂದು ಗುಂಡಿ ಕೂಡ ಹೊಲಿದುಕೊಟ್ಟಿರಲಿಲ್ಲ. ಹಳೆ ಚಡ್ಡಿ ಎಲಾಸ್ಟಿಕ್ ನೋಡಿ ಹೊಟ್ಟೆ ಉರಿಸಿಕೊಂಡವನು ಭೂಮಿ ಮೇಲೆ ಇನ್ನೊಬ್ಬ ಇರಲಾರ.

ಮಾರನೇ ದಿನ ಅವನು ಮೈಸೂರಿಗೆ ಹೋಗಿ ಬಂದ. ಅವಳ ಟ್ಯಾಬಿನ ಎರಡರಷ್ಟು ಅಗಲದ ಟ್ಯಾಬು ತಂದ. ಗಾಜಿಗೆ ಅಂಟೋ ರಬ್ಬರ್ ಬಟ್ಟಲು ಇರೋ ಹಿಡಿ ತಂದ. ವಿಮಾನದ ಮುಂದಿನ ಗಾಜಿಗೆ ಒತ್ತಿ ಅಂಟಿಸಿದ.

ಜೆಸಿಂತಾ ಬಾಗಿಲಿಂದ ಬಗ್ಗಿ ನೋಡಿದಳು.

“ಎಂತ ಮಾರಾಯ, ಧಾರಾವಾಹಿ ನೋಡ್ಲಿಕ್ಕುಂಟಾ?”

“ನಿಂದು ನೀನು ನೋಡ್ಕೊ.”

ಗುರುಗಳು ಬಂದು ಬಲಗಡೆಯ ಸೀಟಿನಲ್ಲಿ ಕೂತರು. ಅದು ಅವರ ಸೀಟು. ಶಿಷ್ಯರದು ಎಡಗಡೆ.

“ಇದೇನು?”

“ನಕ್ಷೆ ಗುರುಗಳೇ. ದೊಡ್ಡದಾಗಿ ಕಾಣ್ತದೆ.”

“ನಕ್ಷೆಯಲ್ಲಿ ಮುಂದೆ ಏನಿದೆ?”

“ರನ್‌ವೇ. ಆಮೇಲೆ ನದಿ.”

“ನಕ್ಷೆಯ ಹಿಂದೆ?”

ಚೆಲುವರಾಜನಿಗೆ ಅರ್ಥವಾಗಲಿಲ್ಲ. ಗುರುಗಳು ಕೈ ನೀಡಿ ಟ್ಯಾಬನ್ನು ಪಕ್ಕಕ್ಕೆ ಸರಿಸಿದರು.

ರನ್‌ವೇ ನಟ್ಟನಡುವೆ ಒಂದು ಎಮ್ಮೆ ನಿಂತಿತ್ತು. ಮೆಲುಕು ಹಾಕ್ತಾ ಇವರನ್ನೇ ನೋಡ್ತಿತ್ತು.

“ಎಮ್ಮೆಗೆ ನಿನ್ನ ನಕ್ಷೆ ಕಾಣಲ್ಲ,” ಅಂದರು ಗುರುಗಳು. “ನಿನಗೆ ಎಮ್ಮೆ ಕಾಣಲ್ಲ. ಇಬ್ಬರಲ್ಲಿ ಯಾರನ್ನ ಹಾರಿಸಲಿ?”

ಬಾಗಿಲ ಹತ್ತಿರ ನಿಂತಿದ್ದ ಜೆಸಿಂತಾ ಕಿಸಕ್ಕನೆ ನಕ್ಕಳು. ಆ ನಗು ಚೆಲುವರಾಜನ ಕಿವಿಯೊಳಗೆ ಸಂಜೆವರೆಗೂ ಕೂತಿತ್ತು.

ಸಂಜೆ ಅವಳೇ ಬಂದಳು. ಅವನು ಹೊಳೆಗೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದ.

“ತೊಡೆಗೆ ಕಟ್ಟು ಮಾರಾಯ. ಗಾಜಿಗೂ ಅಡ್ಡ ಇಲ್ಲ, ಕೈಗೂ ಅಡ್ಡ ಇಲ್ಲ. ಬೇಕಾದ್ರೆ ನನ್ನದೇ ತಕೊ. ನಾನು ಬೇರೆ ಹೊಲೀತೇನೆ.”

“ಬೇಡ.”

“ಯಾಕೆ?”

“ಗುರುಗಳು ನಿಂಗೆ ಕೊಟ್ಟಿದ್ದಲ್ವಾ, ಮಡಗಿಕೋ. ಪೂಜೆ ಮಾಡು.”

“ಅಯ್ಯೋ, ಚಡ್ಡಿ ಎಲಾಸ್ಟಿಕ್ಕಿಗೆ ಪೂಜೆಯಾ?”

ಅವಳು ನಗ್ತಾ ಹೋದಳು. ಅವನು ನಗಲಿಲ್ಲ. ತನಗಿಂತ ಎಂಟು ತಿಂಗಳು ತಡವಾಗಿ ಬಂದವಳು ಇಷ್ಟು ಹಗುರವಾಗಿ ನಗೋದು ಅವನಿಗೆ ತಡೆಯಲಾಗುತ್ತಿರಲಿಲ್ಲ.

ಶುಕ್ರವಾರ ಚೆಲುವರಾಜ ಟ್ಯಾಬನ್ನು ತಿರುಗಣಿಗೆ ಕಟ್ಟಿದ. ತಿರುಗಣಿ ಅಂದ್ರೆ ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸೋಕೆ ಕೈಯಲ್ಲಿ ಹಿಡಿಯೋದು, ಕಾರಿನ ಸ್ಟೀರಿಂಗಿಗೆ ಅಣ್ಣನೋ ತಮ್ಮನೋ.

“ಈಗ ಗಾಜಿಗೆ ಅಡ್ಡ ಇಲ್ಲ ಗುರುಗಳೇ.”

“ಇಲ್ಲ,” ಅಂದರು ಗುರುಗಳು. “ಎಡಕ್ಕೆ ತಿರುಗಿಸು. ಪೂರ್ತಿ.”

ತಿರುಗಿಸಿದ. ಟ್ಯಾಬಿನ ಮೂಲೆ ಹೋಗಿ ಅವನ ಮಂಡಿಗೆ ಬಡಿದು ನಿಂತಿತು.

“ಪೂರ್ತಿ ಅಂದೆ.”

“ಇಷ್ಟೇ ಬರ್ತದೆ. ಆದ್ರೆ ಗುರುಗಳೇ, ಇಷ್ಟರ ಮೇಲೆ ತಿರುಗಿಸೋ ಪ್ರಸಂಗ ಯಾವಾಗಲೋ ಒಂದು ಸಲ...”

“ಹಂಗಾದ್ರೆ ಇಳಿದು ಹೋಗಿ ಗಾಳಿಗೆ ಹೇಳಿ ಬಾ. ಇವತ್ತು ಚೆಲುವರಾಜನ ಮಂಡಿ ನೋಡ್ಕೊಂಡು ಬೀಸಪ್ಪಾ ಅಂತ.”

ಅವನು ಇಳಿದ. ಗಾಳಿಗೇನೂ ಹೇಳಲಿಲ್ಲ. ಟ್ಯಾಬು ಬಿಚ್ಚಿದ.

ಶನಿವಾರ ಬೆಳಗ್ಗೆ ಗುರುಗಳು ಜೆಸಿಂತಾಳ ಜೊತೆ ಎರಡು ಸುತ್ತು ಹಾರಿದರು. ಮೂರನೇ ಸಲ ವಿಮಾನ ರನ್‌ವೇ ತುದಿಯಲ್ಲಿ ನಿಂತಿತು. ಬಲಗಡೆಯ ಬಾಗಿಲು ತೆರೆಯಿತು. ಗುರುಗಳು ಇಳಿದರು.

ಚೆಲುವರಾಜ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ಆರಿತು.

ವಿಮಾನ ಅವಳೊಬ್ಬಳನ್ನೇ ಹೊತ್ತು ಎದ್ದಿತು. ಗುರುಗಳ ಭಾರ ಇಲ್ಲದ್ದಕ್ಕೆ ಬೇಗನೇ ಎದ್ದಿತು.

ಇಳಿಯೋವಾಗ ಒಂದು ಸಲ ಕುಣೀಲಿ, ಅಂತ ಅವನು ಮನಸ್ಸಿನಲ್ಲಿ ಬೇಡಿಕೊಂಡ. ಮುರಿಯೋದು ಬೇಡ, ಏಟಾಗೋದು ಬೇಡ. ಸುಮ್ಮನೆ ಒಂದು ಸಲ ಕಪ್ಪೆ ತರ ಕುಣೀಲಿ ದೇವರೇ, ಗುರುಗಳು ಮುಖ ಸಿಂಡರಿಸಲಿ.

ವಿಮಾನ ಹಪ್ಪಳ ಇಟ್ಟ ಹಾಗೆ ಇಳಿಯಿತು.

ಆಶ್ರಮದಲ್ಲಿ ಒಂದು ಪದ್ಧತಿ ಇದೆ. ಮೊದಲ ಸೋಲೋ ಮುಗಿಸಿ ಬಂದವರ ತಲೆ ಮೇಲೆ ಗುರುಗಳು ಒಂದು ಬಿಂದಿಗೆ ಕಪಿಲಾ ನೀರು ಸುರೀತಾರೆ. ಜೆಸಿಂತಾ ತೊಪ್ಪೆಯಾಗಿ ನಿಂತು ಕಿರುಚಿದಳು. ಗುರುಗಳು ನಕ್ಕರು. ಹಲ್ಲು ಕಾಣೋ ಹಾಗೆ ನಕ್ಕರು.

ಗುರುಗಳಿಗೆ ಅಷ್ಟೊಂದು ಹಲ್ಲಿದೆ ಅಂತ ಚೆಲುವರಾಜನಿಗೆ ಅವತ್ತೇ ಗೊತ್ತಾಗಿದ್ದು.

ಖಾಲಿ ಬಿಂದಿಗೆ ಎತ್ತಿಕೊಂಡು ಹೊರಟವರನ್ನ ಅವನು ತಡೆದ.

“ಗುರುಗಳೇ, ನನ್ನಲ್ಲಿ ಏನು ಕಮ್ಮಿ?”

“ಏನೂ ಕಮ್ಮಿ ಇಲ್ಲ.”

“ಇಳಿಸೋದು ಅವಳಿಗಿಂತ ಚೆನ್ನಾಗಿ ಇಳಿಸ್ತೀನಿ. ನೀವೇ ಹೇಳಿದ್ದೀರಿ.”

“ಹೌದು, ಹೇಳಿದ್ದೀನಿ.”

“ಮತ್ಯಾಕೆ ಅವಳು ಮೊದಲು?”

ಗುರುಗಳು ಬಿಂದಿಗೆಯನ್ನು ಅವನ ಕೈಗೆ ಕೊಟ್ಟರು.

“ಇದನ್ನ ತುಂಬಿಸಿಡು. ನಾಳೆ ಬೆಳಗ್ಗೆ ಆರಕ್ಕೆ ನೀನು. ಟ್ಯಾಬು ಕೂರಿಸಿಕೊಂಡಿರು.”

ಚೆಲುವರಾಜ ಆ ಮಧ್ಯಾಹ್ನವೆಲ್ಲ ವಿಮಾನದೊಳಗೇ ಇದ್ದ. ಪಾನಾ ಹಿಡಿದ, ಸ್ಕ್ರೂ ಹಿಡಿದ, ಅಳತೆ ಪಟ್ಟಿ ಹಿಡಿದ. ಮುಂದಿನ ಮೀಟರುಗಳ ಫಲಕದ ನಡುವೆ, ಎರಡು ಸೀಟಿಗೂ ಮಧ್ಯದಲ್ಲಿ, ಒಂದು ಗಟ್ಟಿ ಕಬ್ಬಿಣದ ಪಟ್ಟಿ ಸಿಕ್ಕಿತು. ಅದಕ್ಕೆ ಹಿಡಿ ಬಿಗಿದು, ಹಿಡಿಗೆ ಟ್ಯಾಬು ಬಿಗಿದ.

ಜೆಸಿಂತಾ ಚಹಾ ತಂದುಕೊಟ್ಟಳು. ಟ್ಯಾಬು ನೋಡಿ ಏನೋ ಹೇಳೋಕೆ ಬಾಯಿ ತೆಗೆದಳು.

“ಏನು?”

“ಎಂತ ಇಲ್ಲ. ಗಟ್ಟಿ ಉಂಟು.”

ಭಾನುವಾರ ಆರು ಗಂಟೆ. ಗುರುಗಳು ಕೂತರು. ಒಂದೊಂದೇ ನೋಡಿದರು.

ಗಾಜು ಖಾಲಿ. ತಿರುಗಣಿ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ. ಹಿಡಿಯನ್ನು ಜಗ್ಗಿ ನೋಡಿದರು, ಅಲುಗಲಿಲ್ಲ.

“ಎಲ್ಲ ಸರಿಯಾಗಿದೆ,” ಅಂದರು.

ಚೆಲುವರಾಜನ ಎದೆ ಎರಡು ಇಂಚು ಉಬ್ಬಿತು. ಈ ಮಾತು ಜೆಸಿಂತಾಳಿಗೆ ಕೇಳಿಸ್ತೋ ಇಲ್ಲವೋ ಅಂತ ಹೊರಗೆ ನೋಡಿದ.

ಇಬ್ಬರೂ ಮೇಲೆ ಹೋದರು. ಕೆಳಗೆ ಹೊಳೆ, ಗದ್ದೆ, ದೂರದಲ್ಲಿ ರೈಲು ಸೇತುವೆ.

“ಸೇತುವೆ ಎಷ್ಟು ದೂರ? ನಕ್ಷೆ ನೋಡಿ ಹೇಳು.”

ಚೆಲುವರಾಜ ಟ್ಯಾಬಿನ ಕಡೆ ನೋಡಿದ. ಬರೀ ಹೊಳಪು ಕಂಡಿತು. ಕುತ್ತಿಗೆ ಚಾಚಿದ. ಸಾಲದೆ ಹೋಯಿತು. ಮೈಯನ್ನೇ ಬಲಕ್ಕೆ ವಾಲಿಸಿದ. ಮೈ ಜೊತೆ ಕೈ ವಾಲಿತು. ಕೈ ಜೊತೆ ವಿಮಾನ ವಾಲಿತು.

“ನಾ... ನಾಲ್ಕು ಮೈಲಿ.”

“ರೆಕ್ಕೆ ಸರಿ ಮಾಡು.”

ಸರಿ ಮಾಡಿದ.

“ಈಗ ಓದು. ನಾವು ಎಷ್ಟು ಎತ್ತರದಲ್ಲಿದ್ದೀವಿ?”

ಮತ್ತೆ ಕುತ್ತಿಗೆ. ಮತ್ತೆ ಮೈ. ಮತ್ತೆ ರೆಕ್ಕೆ.

“ಕುತ್ತಿಗೆ ಹಿಡ್ಕೊಂಡಿದೆಯಾ?”

“ಇಲ್ಲ ಗುರುಗಳೇ. ಇಲ್ಲಿಂದ ಸ್ವಲ್ಪ... ಸರಿಯಾಗಿ ಕಾಣ್ತಿಲ್ಲ.”

“ಹೌದಾ?” ಗುರುಗಳು ಸೀಟಿಗೆ ಒರಗಿಕೊಂಡರು. “ನನಗೆ ಚೆನ್ನಾಗಿ ಕಾಣ್ತಾ ಇದೆ. ಸೇತುವೆ, ಹೊಳೆ, ಎತ್ತರ, ವೇಗ. ಹುಲ್ಲಿನ ಎಳೆಯೂ ಕಾಣ್ತದೆ.”

ಆಗ ಚೆಲುವರಾಜ ಟ್ಯಾಬನ್ನು ಸರಿಯಾಗಿ ನೋಡಿದ. ಅದರ ಮುಖ ಪೂರ್ತಿ ಬಲಕ್ಕೆ ತಿರುಗಿತ್ತು.

ಗಾಜಿಗೆ ಅಂಟಿಸಿದಾಗಲೂ ಹಾಗೇ ಇತ್ತು. ತಿರುಗಣಿಗೆ ಕಟ್ಟಿದಾಗಲೂ ಹಾಗೇ ಇತ್ತು. ಮೂರು ಸಲವೂ ಅವನ ಕೈ ತಾನಾಗೇ ಅದನ್ನ ಆ ಕಡೆಗೇ ತಿರುಗಿಸಿ ಬಿಗಿದಿತ್ತು.

“ಯಾರಿಗೋಸ್ಕರ ಕೂರಿಸಿದೆ?” ಅಂದರು ಗುರುಗಳು.

ಎಂಜಿನ್ ಗೊರ್ ಅನ್ನುತ್ತಿತ್ತು.

“ನಿಮಗೆ ಕಾಣ್ಲಿ ಅಂತ.”

“ನಕ್ಷೆಯಾ?”

“ಅಲ್ಲ. ನಾನು.”

ಸೇತುವೆ ಹಿಂದೆ ಸರಿಯಿತು.

“ಅವಳಿಗೆ ನೀವೇ ಹೊಲಿದುಕೊಟ್ರಿ,” ಅಂದ ಚೆಲುವರಾಜ. ಹೇಳಬಾರದು ಅಂತಿದ್ದ, ಬಾಯಿಂದ ಬಂದುಬಿಟ್ಟಿತು. “ನನಗೆ ಯಾವತ್ತೂ ಏನೂ ಮಾಡಿಕೊಡ್ಲಿಲ್ಲ.”

“ನೀನು ಯಾವತ್ತು ಕೇಳಿದೆ?”

ಅವನು ಲೆಕ್ಕ ಹಾಕಿ ನೋಡಿದ. ಹದಿನಾಲ್ಕು ತಿಂಗಳಲ್ಲಿ ಗೊತ್ತು ಅಂತ ಹೇಳಿದ್ದು ಸಾವಿರ ಸಲ. ಗೊತ್ತಿಲ್ಲ, ಹೇಳಿಕೊಡಿ ಅಂದದ್ದು ಒಂದು ಸಲವೂ ನೆನಪಾಗಲಿಲ್ಲ.

“ಇಳಿಸು,” ಅಂದರು ಗುರುಗಳು.

ಇಳಿಸಿದ. ಚೆನ್ನಾಗೇ ಇಳಿಸಿದ. ಆದರೆ ಮುಗಿಯಿತು ಅಂತ ಅವನಿಗೆ ಗೊತ್ತಿತ್ತು. ನಾಳೆ ಎಂಜಿನ್ ಬಿಚ್ಚುತ್ತಾರೆ. ಇನ್ನು ಮೂರು ತಿಂಗಳು ಕೋಳಿ. ಜೆಸಿಂತಾ ಹಕ್ಕಿ.

ರನ್‌ವೇ ತುದಿಯಲ್ಲಿ ಗುರುಗಳು ಬಾಗಿಲು ತೆಗೆದರು. ಇಳಿದರು. ಆಮೇಲೆ ಒಳಗೆ ಬಗ್ಗಿ ತಮ್ಮ ಖಾಲಿ ಸೀಟಿಗೆ ಬೆಲ್ಟ್ ಹಾಕಿ ಬಿಗಿದರು, ಒಳಗೆ ಯಾರೋ ಕೂತಿದ್ದಾರೇನೋ ಅನ್ನೋ ಹಾಗೆ.

ಒಂಟಿಯಾಗಿ ಕಳಿಸೋವಾಗ ಮಾತ್ರ ಹಾಗೆ ಬಿಗೀತಾರೆ. ಬೆಲ್ಟು ಸಡಿಲ ಇದ್ದು ಎಲ್ಲೂ ಸಿಕ್ಕಿಕೊಳ್ಳಬಾರದು ಅಂತ.

ಚೆಲುವರಾಜ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದ.

“ಗುರುಗಳೇ...”

“ಏನು?”

“ಈ ಟ್ಯಾಬು. ಇದನ್ನ ಹೇಗೆ ತಿರುಗಿಸ್ಲಿ? ನನಗೆ ಗೊತ್ತಾಗ್ತಿಲ್ಲ.”

ಗುರುಗಳು ಕೈ ಚಾಚಿದರು. ಸ್ಕ್ರೂ ಅರ್ಧ ಸುತ್ತು ಸಡಿಲಿಸಿದರು. ಅಷ್ಟಕ್ಕೇ ಕೈ ಹಿಂದೆ ತಗೊಂಡರು.

ಉಳಿದದ್ದನ್ನ ಚೆಲುವರಾಜ ತಿರುಗಿಸಿದ. ಟ್ಯಾಬಿನ ಮುಖ ನಿಧಾನಕ್ಕೆ ಎಡಕ್ಕೆ ಬಂತು. ನಕ್ಷೆ ಕಾಣಿಸಿತು. ಬಿಗಿದ.

ಈಗ ಅದು ಬೇರೆ ಯಾರಿಗೂ ಕಾಣುತ್ತಿರಲಿಲ್ಲ.

ಗುರುಗಳು ಬಾಗಿಲು ಹಾಕಿದರು. ಹವಾಯಿ ಚಪ್ಪಲಿ ಚಟಪಟ ಅನ್ನಿಸುತ್ತಾ ರನ್‌ವೇ ಅಂಚಿನ ಮೈಲಿಗಲ್ಲಿನ ಹತ್ತಿರ ಹೋದರು. ಜೆಸಿಂತಾ ಹಾರಿದಾಗ ಅವರು ಅಲ್ಲೇ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಸುತ್ತು ಮುಗಿಯೋವರೆಗೂ ಅವಳನ್ನೇ ನೋಡಿದ್ದರು.

ಇವತ್ತು ಕಲ್ಲಿನ ಮೇಲೆ ಕೂತರು. ಹೊಳೆ ಕಡೆ ಮುಖ ಮಾಡಿ, ವಿಮಾನಕ್ಕೆ ಪೂರ್ತಿ ಬೆನ್ನು ಹಾಕಿ ಕೂತರು.

ತಿರುಗಿ ನೋಡದೆ ಕೈ ಬೀಸಿ ಹೇಳಿದರು:

“ಹೋಗಪ್ಪಾ. ನಾನು ನೋಡಲ್ಲ.”

ಬೆನ್ನು ಹಾಕಿ ಕೂತಿದ್ದು ನಿಜ, ಕೈ ಬೀಸಿದ್ದೂ ನಿಜ. ಎಂಜಿನ್ ಸದ್ದಿನಲ್ಲಿ ಅವರು ಏನಂದರು ಅನ್ನೋದು ಯಾರಿಗೂ ಕೇಳಿಸಿಲ್ಲ, ಆ ಕೊನೇ ಮಾತು ನಾನೇ ಕಟ್ಟಿದ್ದು.