ಒಗರು ತೆಗೆದ ಪಲ್ಯ

"ಗುರುಗಳೇ, ಹನ್ನೆರಡು ವರ್ಷದಿಂದ ನಿಮ್ಮ ಮಾತು ಕೇಳುತ್ತಿದ್ದೇನೆ. ಕೇಳಿದ್ದನ್ನೆಲ್ಲ ಈ ಪುಸ್ತಕದಲ್ಲಿ ಬರೆದಿಟ್ಟುಕೊಂಡು ದಿನವೂ ಓದುತ್ತೇನೆ. ಆದರೂ ನನ್ನ ಸಿಟ್ಟು ಹೋಗಿಲ್ಲ. ಇವತ್ತು ಬೆಳಿಗ್ಗೆ ನೀರು ತರುವ ಮುದುಕಿಯ ಮೇಲೆ ಕೂಗಾಡಿ ಅವಳನ್ನು ಅಳಿಸಿದೆ. ಹೀಗೇಕೆ?" ಎಂದು ಮಠದ ಶಿಷ್ಯ ಅಡವಯ್ಯ ಕೇಳಿದ. ಅವನಿಗೆ ನಿಜವಾಗಿಯೂ ದುಃಖವಾಗಿತ್ತು.

"ಕೂತುಕೋ. ಕತೆ ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಮಗಳನ್ನು ಅದೇ ಬೀದಿಯ ಆ ತುದಿಯ ಮನೆಗೆ ಕೊಟ್ಟಿದ್ದ. ದಿನಾ ಸಂಜೆ ಮೊಮ್ಮಗಳನ್ನು ನೋಡಲು ನಡೆದು ಹೋಗುತ್ತಿದ್ದ. ವಯಸ್ಸು ಐವತ್ತೈದು ದಾಟಿದ ಮೇಲೆ, ನಾಲ್ಕು ಮನೆ ದಾಟುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳತೊಡಗಿತು. ನಿಂತರೆ ನೋವು ಹೋಗುವುದು, ನಡೆದರೆ ಬರುವುದು. ನಾಚಿಕೆಯಾಗಿ, ಯಾರದಾದರೂ ಜಗಲಿಯ ಮುಂದೆ ಮಾತಾಡುವ ನೆಪ ಮಾಡಿ ನಿಲ್ಲುತ್ತಿದ್ದ. ಆಮೇಲೆ ಕಾಲ್ಬೆರಳಿನಲ್ಲಿ ಒಂದು ಹುಣ್ಣಾಯಿತು. ತಿಂಗಳಾದರೂ ಮಾಯಲಿಲ್ಲ.

ವೈದ್ಯ ಬಂದು ಪಾದ ಮುಟ್ಟಿ ನೋಡಿದ. ತಣ್ಣಗಿತ್ತು. "ಕಾಲಿಗೆ ರಕ್ತ ಒಯ್ಯುವ ನಾಳ ಗಡುಸಾಗಿ, ಕಿರಿದಾಗಿದೆ. ಹೊಗೆಸೊಪ್ಪು ಬಿಡು. ನೋವು ಬರುವ ತನಕ ನಡೆ, ನಿಲ್ಲು, ಮತ್ತೆ ನಡೆ. ನಾನು ಕೊಡುವ ಔಷಧ ತಪ್ಪಿಸಬೇಡ. ಊಟದಲ್ಲಿ ಒಗರು ಇರಲಿ. ಬಾಳೆಹೂವು, ನೆಲ್ಲಿಕಾಯಿ, ಸಿಪ್ಪೆ ಸಮೇತ ಬದನೆಕಾಯಿ, ಸಿಪ್ಪೆ ಸಮೇತ ಕಡಲೆಬೀಜ. ಆ ಒಗರಿನಿಂದ ನಾಳಕ್ಕೆ ಒಂದಿಷ್ಟು ನೆರವು. ಉದಾಸೀನ ಮಾಡಿದರೆ ಕಾಲೇ ಹೋದೀತು" ಎಂದ.

ವ್ಯಾಪಾರಿಯ ಜೀವ ಬಾಯಿಗೆ ಬಂತು. ಅವತ್ತೇ ಹೊಗೆಸೊಪ್ಪು ಬಿಟ್ಟ. ಹೇಳಿದಂತೆ ನಡೆದ, ಔಷಧ ಕುಡಿದ. ಆದರೆ ಮೊದಲ ದಿನ ಬಾಳೆಹೂವಿನ ಪಲ್ಯ ಬಾಯಿಗಿಟ್ಟು ಮುಖ ಕಿವುಚಿದ. ಹೆಂಡತಿ ಅದನ್ನು ನೋಡಿದಳು. ಕೈಗುಣವಿದ್ದ ಹೆಂಗಸು. ಮಾರನೆಯ ದಿನದಿಂದ ಹೂವನ್ನು ಹೆಚ್ಚಿ ಮಜ್ಜಿಗೆಯಲ್ಲಿ ನೆನೆಸಿ ಮೂರು ಸಲ ಹಿಂಡಿದಳು. ನೆಲ್ಲಿಕಾಯಿಯನ್ನು ಸುಣ್ಣದ ತಿಳಿಯಲ್ಲಿಟ್ಟು ತೊಳೆದು ಬೆಲ್ಲದ ಪಾಕಕ್ಕೆ ಹಾಕಿದಳು. ಬದನೆಯ ಸಿಪ್ಪೆ ಹೆರೆದಳು. ಕಡಲೆಬೀಜ ಹುರಿದು, ಉಜ್ಜಿ, ಸಿಪ್ಪೆಯನ್ನು ಮೊರದಲ್ಲಿ ಕೇರಿ ಚೆಲ್ಲಿದಳು. ಅವನು ಎರಡೆರಡು ಸಲ ಬಡಿಸಿಕೊಂಡು ಉಂಡ. "ಪಥ್ಯ ಇಷ್ಟು ರುಚಿಯಾಗಿದ್ದರೆ ಯಾರಿಗೆ ಬೇಡ!" ಎಂದ.

ಆರು ತಿಂಗಳಿಗೆ ಬೆರಳು ಕಪ್ಪಾಯಿತು. ವೈದ್ಯ ಅದನ್ನು ತೆಗೆಯಬೇಕಾಯಿತು. "ನೀವು ಹೇಳಿದ್ದನ್ನೆಲ್ಲ ತಿಂದೆ. ಆದರೂ ಹೀಗಾಯಿತಲ್ಲ" ಎಂದು ವ್ಯಾಪಾರಿ ಗೊಳೋ ಎಂದು ಅತ್ತ.

ವೈದ್ಯ ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕೂತ. ವ್ಯಾಪಾರಿಯ ಹೆಂಡತಿ ಬಾಳೆಹೂವು ಹಿಂಡಿ, ಆ ನೀರನ್ನು ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿಯುತ್ತಿದ್ದಳು. ಬದನೆಯ ಸಿಪ್ಪೆಯೂ ಅದರಲ್ಲೇ ತೇಲುತ್ತಿತ್ತು.

"ಇದೇನು ತಾಯಿ?"

"ಅಯ್ಯೋ, ಒಗರು ಅವರಿಗೆ ಸೇರೋದಿಲ್ಲ ವೈದ್ಯರೇ. ಒಂದು ಚೂರೂ ಉಳಿಯದ ಹಾಗೆ ತೆಗೆದುಬಿಡುತ್ತೇನೆ."

ವೈದ್ಯ ವ್ಯಾಪಾರಿಯ ಬಳಿ ಬಂದು ಹೇಳಿದ: "ಒಗರು ತಿಂದಿದ್ದರೆ ಬೆರಳು ಉಳಿಯುತ್ತಿತ್ತು ಎಂದು ನಾನು ಆಣೆಯಿಟ್ಟು ಹೇಳಲಾರೆ. ಆದರೆ ನಿನಗೆ ಹೇಳಿದ ಪಥ್ಯವನ್ನು ಆರು ತಿಂಗಳಿಂದ ನಿನ್ನ ಎಮ್ಮೆ ಮಾಡುತ್ತಿದೆ."

ಇಲ್ಲಿ ಅಡವಯ್ಯ ತಡೆಯಲಾರದೆ, "ಪಾಪ, ಎಂಥ ದಡ್ಡ ಹೆಂಗಸು!" ಎಂದ.

"ಬಾಯಿ ಹಾಕಬೇಡ ಅಂದೆನಲ್ಲ. ಅವಳದೇನು ತಪ್ಪು? ಮುಖ ಕಿವುಚಿದವನು ಅವನು" ಎಂದು ಗುರುಗಳು ಗದರಿ ಮುಂದುವರಿಸಿದರು.

ಅಂದಿನಿಂದ ವ್ಯಾಪಾರಿ ಒಗರನ್ನು ಒಗರಾಗಿಯೇ ತಿಂದ. ಪ್ರತಿ ತುತ್ತಿಗೂ ಮುಖ ಕಿವುಚಿದ, ಆದರೂ ನುಂಗಿದ. ಮರುವರ್ಷ ಮಗಳ ಮನೆಗೆ ಒಂದೇ ಕಡೆ ನಿಂತು ಸುಧಾರಿಸಿಕೊಂಡು ನಡೆದು ಹೋದ. ಹೋದ ಬೆರಳು ಬರಲಿಲ್ಲ. ಕಾಲು ಉಳಿಯಿತು.

ಕತೆ ಮುಗಿಸಿ ಗುರುಗಳು ಕೈ ಚಾಚಿ ಅಡವಯ್ಯನ ಪುಸ್ತಕ ತೆಗೆದುಕೊಂಡರು. ಮೊದಲಿನಿಂದ ಕೊನೆಯ ತನಕ ಹಾಳೆ ಮಗುಚಿ ನೋಡಿ ಅವನ ಕೈಗೇ ಕೊಟ್ಟರು.

"ವಾರಕ್ಕೆ ಮೂರು ಸಲ ನಿನ್ನನ್ನು ಬೈಯುತ್ತೇನಲ್ಲ ಅಡವಯ್ಯ, ಅದು ಯಾವ ಪುಟದಲ್ಲಿದೆ?"