ಮುಚ್ಚಳಕಟ್ಟೆಯ ತಿಪ್ಪಕ್ಕ

ಕೆಂಗಲ್ಲಹಟ್ಟಿಯಿಂದ ಮೂಡಲಿಗೆ ಒಂದು ಹರದಾರಿ ನಡೆದರೆ ತಾಮ್ರಗುಡ್ಡದ ಎರಡು ಹೆಗಲುಗಳ ನಡುವೆ ಒಂದು ಸಣ್ಣ ಕಟ್ಟೆ ಸಿಗುತ್ತದೆ. ಸುತ್ತಲೂ ಜಾಲಿ, ಬಂದರೆ ಗಿಡ, ಬಿಸಿಲಿಗೆ ಕಾದ ಕರಿಬಂಡೆ. ಆ ಕಟ್ಟೆಯಲ್ಲಿ ಈಜುವವರಿಲ್ಲ, ದನ ತೊಳೆಯುವವರಿಲ್ಲ. ಎಂಥ ಬರ ಬಂದರೂ ತೂಬು ಎತ್ತುವುದಿಲ್ಲ. ಎತ್ತೋಣವೆಂದರೆ ಅದಕ್ಕೆ ತೂಬೇ ಇಲ್ಲ. ಹೆಚ್ಚಾದ ನೀರು ಕೋಡಿ ಬಿದ್ದು, ಸುಣ್ಣಗಲ್ಲು ಹಾಸಿದ ಕಾಲುವೆಯಲ್ಲಿ ಇಳಿದು, ಕೆಳಗಿನ ಹಳ್ಳ ಸೇರುತ್ತದೆ. ಇದಕ್ಕೆ ಮುಚ್ಚಳಕಟ್ಟೆ ಎಂದು ಹೆಸರು. ಹೊರಗಿನಿಂದ ಬಂದವರು ಕೇಳಿ ನಗುತ್ತಾರೆ, ನೀರಿನ ಕಟ್ಟೆಗೆ ಮುಚ್ಚಳ ಎಲ್ಲಿಂದ ಬಂತು ಎಂದು. ನಗಲಿ, ನಕ್ಕರೆ ಅವರ ಹಲ್ಲು ಕಾಣುತ್ತದೆ ಅಷ್ಟೆ. ಕಟ್ಟೆಗೆ ಮುಚ್ಚಳವಿಲ್ಲ, ಕಟ್ಟೆಯೇ ಮುಚ್ಚಳ. ಅದರ ಅಡಿಯಲ್ಲಿ ಏನಿದೆ, ಯಾರಿದ್ದಾರೆ ಎಂಬುದು ತಿಳಿದರೆ ನಗು ತಾನಾಗಿಯೇ ನಿಲ್ಲುತ್ತದೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಗುಡ್ಡದ ಬುಡದಲ್ಲಿ ತಾಮ್ರದ ಗಣಿ ಇತ್ತು ಎನ್ನುತ್ತಾರೆ. ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು, ಚಿನ್ನದಂತೆ ಹೊಳೆಯುವ ಹಳದಿ ಕಲ್ಲನ್ನು ಬುಟ್ಟಿಗಳಲ್ಲಿ ಹೊರಗೆ ತರುತ್ತಿದ್ದರು. ಹಾಗೆ ಕಲ್ಲು ಒಡೆಯುತ್ತಿದ್ದವರಲ್ಲಿ ಪಾಲಯ್ಯ ಒಬ್ಬ. ಅವನ ಹೆಂಡತಿ ತಿಪ್ಪಕ್ಕ ಸುಣ್ಣ ಸುಡುವವರ ಮಗಳು. ಹಳ್ಳದ ದಂಡೆಯಲ್ಲಿ ಅವಳದೇ ಒಂದು ಸುಣ್ಣದ ಗೂಡು ಇತ್ತು. ಗಂಡ ಕರಿಬಣ್ಣ ಬಳಿದುಕೊಂಡು ಬರುವವನು, ಹೆಂಡತಿ ಬಿಳಿಬಣ್ಣ ಬಳಿದುಕೊಂಡು ಬರುವವಳು. ಊರವರು ಇಬ್ಬರನ್ನೂ ನೋಡಿ ಇವರ ಮನೆಯಲ್ಲಿ ಹಗಲೂ ರಾತ್ರಿಯೂ ಒಟ್ಟಿಗೇ ಊಟಕ್ಕೆ ಕೂರುತ್ತವೆ ಎಂದು ಆಡಿಕೊಳ್ಳುತ್ತಿದ್ದರಂತೆ. ಮಕ್ಕಳಿರಲಿಲ್ಲ. ಬೇರೆ ನಂಟರೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಪಾಲಯ್ಯ ಜಗಲಿಯ ಮೇಲೆ ಕೂತು, "ಏನೇ, ಊರಾಗೆ ಏನ್ ಸುದ್ದಿ?" ಎಂದು ಕೇಳುವನು. ಅವಳು ಎಲ್ಲವನ್ನೂ ಹೇಳುವಳು. ಅವರ ಸಂಸಾರದ ಸುಖ ಅಷ್ಟೇ.

ಒಂದು ದಿನ ಹೊತ್ತು ಏರುವ ಸಮಯಕ್ಕೆ ಗಣಿಯ ಮಾಳಿಗೆ ಕುಸಿಯಿತು. ಉಳಿದವರೆಲ್ಲ ಓಡಿ ಬಂದರು. ಎಲ್ಲರಿಗಿಂತ ಒಳಗಿದ್ದ ಪಾಲಯ್ಯ ಬರಲಿಲ್ಲ. ತಾಮ್ರವೂ ಬತ್ತುತ್ತ ಬಂದಿದ್ದರಿಂದ ಪಾಳೆಯಗಾರನ ಕಡೆಯವರು ಸುತ್ತಿಗೆ, ಹಾರೆಗಳನ್ನು ಕಟ್ಟಿಕೊಂಡು ಹೊರಟೇಹೋದರು. ತಿಪ್ಪಕ್ಕನಿಗೆ ಉಳಿದದ್ದು ಕುಸಿದ ಕಲ್ಲಿನ ಗೋಡೆ. ಆ ಸೀಮೆಯಲ್ಲಿ ಸತ್ತವರ ಗುಡ್ಡೆಯ ಮೇಲೆ ಮೂರನೆಯ ದಿನ ಹಾಲುತುಪ್ಪ ಬಿಡಬೇಕು. ಬಿಟ್ಟ ಮೇಲೆಯೇ ಸತ್ತವನು ಸತ್ತಂತೆ. ಹೆಣವಿಲ್ಲದೆ ಗುಡ್ಡೆ ಎಲ್ಲಿ, ಗುಡ್ಡೆಯಿಲ್ಲದೆ ಹಾಲುತುಪ್ಪ ಎಲ್ಲಿ? ಅವಳು ಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಮುತ್ತೈದೆಯರು ಅರಿಶಿನ ಕೊಡಲು ಹಿಂಜರಿದರು, ವಿಧವೆಯರು ಪಕ್ಕಕ್ಕೆ ಕೂರಿಸಿಕೊಳ್ಳಲು ಹಿಂಜರಿದರು. ಪಾಪ, ಯಾವ ಪಂಕ್ತಿಗೂ ಸೇರದ ಹೆಂಗಸಾದಳು. ಅವಳಿಗಿದ್ದ ಆಸೆ ಒಂದೇ: ಆ ಕಲ್ಲು ತೆಗೆಸಬೇಕು, ಅವನ ಮೂಳೆಯನ್ನಾದರೂ ಮಣ್ಣಿಗೆ ಕೊಡಬೇಕು.

ಊರ ಗೌಡ ಬೊಮ್ಮಣ್ಣ ಕೆಟ್ಟವನಲ್ಲ. ಆದರೆ ಅವನ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಸುಗ್ಗಿ ಆಗಲಿ ಎಂದ, ಮಳೆ ನಿಲ್ಲಲಿ ಎಂದ. ಮೂರು ವರ್ಷ ಅವನ ಹಟ್ಟಿಯ ಮುಂದೆ ಅವಳು ಕೂತು ಎದ್ದ ಮೇಲೆ, ನಾಲ್ಕನೆಯ ಬೇಸಗೆಯಲ್ಲಿ ಊರಿನ ಗಂಡಸರು ಹಾರೆ ಹಿಡಿದರು. ಒಳಗೆ ಉಸಿರು ಕಟ್ಟುತ್ತದೆಂದು ಗುಡ್ಡದ ನೆತ್ತಿಯಿಂದ ಒಂದು ಗಾಳಿಗಂಡಿ ಕೊರೆದರು. ತೆಗೆದ ಕಲ್ಲನ್ನೆಲ್ಲ ಸುರಂಗದ ಬಾಯಲ್ಲಿ ರಾಶಿ ಹಾಕಿದರು. ಎರಡು ತಿಂಗಳು ಅಗೆದರೂ, ತೆಗೆದಷ್ಟೇ ಕಲ್ಲು ಮೇಲಿನಿಂದ ಮತ್ತೆ ಬೀಳುತ್ತಿತ್ತು. ಮುಂಗಾರು ಬಂತು, ಕೆಲಸ ನಿಂತಿತು.

ಅಲ್ಲಿಂದಲೇ ಅನಾಹುತ ಶುರುವಾಯಿತು. ಗಣಿಯಿಂದ ಮೊದಲೂ ಸ್ವಲ್ಪ ಕೆಂಪುನೀರು ಒಸರುತ್ತಿತ್ತು. ಆ ಮಳೆಗಾಲದಲ್ಲಿ ಅದು ಹಳ್ಳವಾಗಿ ಹರಿಯಿತು. ನಾಲಿಗೆಗೆ ಮುಟ್ಟಿಸಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಹಳ್ಳದ ಮೀನು ಬಿಳಿಹೊಟ್ಟೆ ತೋರಿಸಿ ತೇಲಿದವು. ನೀರು ಹಾಯಿಸಿದ ನವಣೆಯ ಪೈರು ಸುಟ್ಟಂತೆ ನಿಂತಿತು. ಕುಡಿದ ಆಡುಗಳು ಬದುಕಲಿಲ್ಲ. ಊರವರು ಇದು ಪಾಲಯ್ಯನ ಸಿಟ್ಟು ಎಂದರು, ಕೋಳಿ ಕುಯ್ದರು, ಕೂಳು ಚೆಲ್ಲಿದರು. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲವೆಂದು ತಿಪ್ಪಕ್ಕನಿಗೆ ಗೊತ್ತಿತ್ತು. ತನ್ನ ಹಟಕ್ಕೆ ಅಗೆದ ಮೇಲೆಯೇ ಹೀಗಾಯಿತಲ್ಲ ಎಂಬುದೂ ಗೊತ್ತಿತ್ತು. 

ಒಂದು ಸಲ ಮಳೆಗೆ ನೆನೆದು ಹಾಳಾದ ಒಂದು ಗೂಡು ಸುಣ್ಣವನ್ನು ಅವಳು ಬೇಸರದಿಂದ ಹಳ್ಳಕ್ಕೆ ಸುರಿದಳು. ನೋಡುತ್ತ ನೋಡುತ್ತ ಕೆಂಪೆಲ್ಲ ಬಗ್ಗಡವಾಗಿ ತಳಕ್ಕಿಳಿದು, ಮೇಲಿನ ನೀರು ತಿಳಿಯಾಯಿತು. ಬಾಯಿಗೆ ಹಾಕಿದರೆ ಹುಳಿ ಸತ್ತಿತ್ತು. ಆವತ್ತಿನಿಂದ ಅವಳು ಸುಣ್ಣ ಮಾರುವುದನ್ನು ಬಿಟ್ಟಳು. ಸುಣ್ಣಗಲ್ಲು ಹೊತ್ತು ತಂದು, ಗಣಿಯ ನೀರು ಹಳ್ಳಕ್ಕಿಳಿಯುವ ಕಾಲುವೆಯುದ್ದಕ್ಕೂ ಹಾಸಿದಳು. ತಿಂಗಳು ಚೆನ್ನಾಗಿತ್ತು, ಆಮೇಲೆ ಕಲ್ಲಿಗೆ ಕೆಂಪು ಚಕ್ಕೆ ಕಟ್ಟಿ ನೀರು ಮತ್ತೆ ಹುಳಿಯಾಯಿತು. ಚಕ್ಕೆ ಉಜ್ಜಿ, ಕಲ್ಲನ್ನು ಮಗ್ಗುಲು ಹೊರಳಿಸಿದರೆ ಮತ್ತೆ ನಾಲ್ಕು ದಿನ ತಿಳಿ. ಹೀಗೆ ದಿನವೂ ಬಗ್ಗಿ ಕಲ್ಲು ಹೊರಳಿಸುವುದೇ ಅವಳ ಬಾಳಾಯಿತು. ಮೊದಮೊದಲು ಊರವರು ಜೊತೆಗೆ ಬಂದರು, ಆಮೇಲೆ ಅದು ಅವಳ ಕೆಲಸವಾಯಿತು. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಸಿಂಗಾರ ಮಾಡಬಾರದು ಎಂದು ಗಾದೆ ಮಾಡಿದವನು ಇಂಥದ್ದನ್ನು ನೋಡಿಯೇ ಮಾಡಿರಬೇಕು. ದಿನಗಟ್ಟಲೆ ಅವಳೊಡನೆ ಒಂದು ಮಾತಾಡುವವರೂ ಇರಲಿಲ್ಲ.

ಒಂದು ಮಧ್ಯಾಹ್ನ ರೊಟ್ಟಿಗೆ ನಂಚಿಕೊಳ್ಳಲು ಉಪ್ಪಿನಕಾಯಿಯ ಜಾಡಿ ತೆಗೆದಳು. ಉಪ್ಪುನೀರಿನಿಂದ ಮೇಲೆ ತಲೆ ಎತ್ತಿದ್ದ ಮಾವಿನ ಹೋಳುಗಳಿಗೆ ಬೂಷ್ಟು ಹಿಡಿದಿತ್ತು. ಮುಳುಗಿದ್ದವು ಹಾಕಿದ ದಿನದಂತೆಯೇ ಇದ್ದವು. ತುತ್ತು ಕೈಯಲ್ಲೇ ನಿಂತಿತು. ಸುರಂಗದ ನೆಲದ ಗುಂಡಿಯಲ್ಲಿ ನೀರಿನಡಿ ಬಿದ್ದ ಹಳದಿ ಕಲ್ಲು ಇನ್ನೂ ಹೊಳೆಯುತ್ತಿದ್ದುದು, ಗಾಳಿಗೆ ಬಿದ್ದ ರಾಶಿ ಮಾತ್ರ ತುಕ್ಕಾಗಿ ಹುಳಿ ಸುರಿಸುತ್ತಿದ್ದುದು ನೆನಪಾಯಿತು. ಆದರೂ ಅವಳು ದುಡುಕಲಿಲ್ಲ. ಎರಡು ಮಡಕೆಗೆ ಅದೇ ಕಲ್ಲು ತುಂಬಿದಳು. ಒಂದಕ್ಕೆ ಕಂಠಮಟ್ಟ ನೀರು ಹೊಯ್ದು ಮುಚ್ಚಳಕ್ಕೆ ಮಣ್ಣು ಮೆತ್ತಿದಳು, ಇನ್ನೊಂದನ್ನು ತೆರೆದಿಟ್ಟು ದಿನಕ್ಕೊಂದು ಬೊಗಸೆ ನೀರು ಚಿಮುಕಿಸಿದಳು. ಎರಡು ತಿಂಗಳ ಮೇಲೆ ತೆರೆದ ಮಡಕೆಯ ತಳದಲ್ಲಿ ಕೆಂಪು ಹುಳಿ ನಿಂತಿತ್ತು. ಮುಚ್ಚಿದ ಮಡಕೆಯ ನೀರು ಬರೀ ನೀರಾಗಿಯೇ ಇತ್ತು.

ಈಗ ಅವಳಿಗೆ ದಾರಿ ತಿಳಿದಿತ್ತು, ಅದೇ ಅವಳ ಸಂಕಟ. ರಾಶಿಯನ್ನೆಲ್ಲ ಸುರಂಗದ ಮುಂದಿನ ತಗ್ಗಿಗೆ ತಳ್ಳಿ, ಗಾಳಿಗಂಡಿ ಮುಚ್ಚಿ, ಸುರಂಗದ ಬಾಯಿಗೆ ಜೇಡಿಮಣ್ಣು ಗುದ್ದಿ, ಅದರ ನೆತ್ತಿಗಿಂತ ಎತ್ತರಕ್ಕೆ ಒಡ್ಡು ಹಾಕಿ ಇಡೀ ಗಣಿಯನ್ನು ನೀರಿನಲ್ಲಿ ಮುಳುಗಿಸಬೇಕು. ಮುಳುಗಿಸಿದರೆ ಪಾಲಯ್ಯ ಇನ್ನೆಂದಿಗೂ ಹೊರಗೆ ಬರುವುದಿಲ್ಲ. ಎಂಟು ದಿನ ಅವಳು ಒಲೆ ಹೊತ್ತಿಸಲಿಲ್ಲವಂತೆ. ಒಂಬತ್ತನೆಯ ದಿನ ಗೌಡನ ಮುಂದೆ ಎರಡೂ ಮಡಕೆಗಳನ್ನು ತಂದಿಟ್ಟಳು. ಬೊಮ್ಮಣ್ಣ ಎರಡರ ನೀರನ್ನೂ ನಾಲಿಗೆಗೆ ಹಚ್ಚಿ ನೋಡಿದ. ಮಡಕೆಗಳನ್ನು ಪಕ್ಕಕ್ಕೆ ಸರಿಸಿದ.

"ಬ್ಯಾಡ ತಿಪ್ಪಕ್ಕ, ಇನ್ನೊಂದು ಬ್ಯಾಸಗಿ ಅಗದು ನೋಡಾನ. ನಿನ್ ಗಂಡನ್ನ ಒಳಗೇ ಬಿಟ್ಟು ಬಾಗ್ಲು ಹಾಕು ಅಂತ ನಾನು ಯಾವ ಬಾಯಾಗೆ ಹೇಳ್ಲವ್ವ?"

"ನೀವು ಹೇಳಬ್ಯಾಡ್ರಿ ಗೌಡ್ರೆ, ನಾನೇ ಹೇಳಕ್ ಬಂದೀನಿ. ಅಗದಷ್ಟೂ ಗಾಳಿ ಆಡ್ತೈತೆ, ಗಾಳಿ ಆಡಿದಷ್ಟೂ ಹುಳಿ ಹುಟ್ತೈತೆ. ಸತ್ತೋನ್ ಮೂಳೆಗೆ ಅಂತ ಇದ್ದೋರ್ ನೀರು ಕೆಡಿಸ್ಲಾ? ನಾಳೆನೇ ಆಳು ಕಳಸ್ರಿ. ನಾಡಿದ್ದಿಗೆ ನನ್ ಮನಸು ಹೆಂಗಿರ್ತೈತೋ ಏನೋ."

ಮರುದಿನ ಊರಿಗೆ ಊರೇ ಬಂತು. ಸುರಂಗದ ಬಾಯಿ ಮುಚ್ಚುವ ಮೊದಲು ತಿಪ್ಪಕ್ಕ ಒಬ್ಬಳೇ ಒಳಗೆ ಹೋಗಿ, ಕುಸಿದ ಕಲ್ಲಿನ ಗೋಡೆಗೆ ಕೈಯಪ್ಪಳಿಸಿ ಬಳೆ ಒಡೆದುಕೊಂಡಳು; ಏಳು ವರ್ಷ ತಡೆದಿಟ್ಟ ಹಾಲುತುಪ್ಪವನ್ನು ಆ ಕಲ್ಲುಗಳ ಸಂದಿಗೆ ಬಿಟ್ಟಳು. ಅವಳ ಅಳು ಹೊರಗೆ ನಿಂತವರಿಗೆಲ್ಲ ಕೇಳಿಸಿತು. ಹೊರಗೆ ಬಂದು ಮೊದಲ ಮುದ್ದೆ ಜೇಡಿಮಣ್ಣನ್ನು ತಾನೇ ಮೆತ್ತಿದಳು. ಮಳೆಗೆ ಮೊದಲೇ ಒಡ್ಡು ಎದ್ದಿತು, ಆ ಮುಂಗಾರಿಗೆ ಕಟ್ಟೆ ತುಂಬಿತು. ಮೂರನೆಯ ವರ್ಷ ಹಳ್ಳದಲ್ಲಿ ಮತ್ತೆ ಮೀನುಮರಿ ಕಂಡವು. ಎಲ್ಲೋ ಬಂಡೆಯ ಬಿರುಕಿನಿಂದ ಚೂರುಪಾರು ಹುಳಿ ಒಸರುತ್ತಲೇ ಇದ್ದುದರಿಂದ ಕಾಲುವೆಯ ಕಲ್ಲು ಹೊರಳಿಸುವ ಕೆಲಸ ಮಾತ್ರ ನಿಲ್ಲಲಿಲ್ಲ. ಅವಳು ಬದುಕಿರುವವರೆಗೂ ಹೊರಳಿಸಿದಳು. ಹೊರಳಿಸಿ, ಕೈ ತೊಳೆದು, ಒಡ್ಡಿನ ಮೇಲೆ ಕೂತು ನೀರಿಗೆ ಆವತ್ತಿನ ಸುದ್ದಿ ಹೇಳುತ್ತಿದ್ದಳು: ಯಾರ ಮನೆಯ ಎಮ್ಮೆ ಈಯಿತು, ಯಾರಿಗೆ ಗಂಡು ಗೊತ್ತಾಯಿತು, ಯಾರ ಜಗಳ ಯಾರು ಬಿಡಿಸಿದರು. ಕೇಳುವವನು ಕೆಳಗೆ ಒಬ್ಬನೇ ಇದ್ದಾನಲ್ಲ, ಬೇಸರವಾಗಬಾರದು ಎಂದು. ಹೇಳುವವಳೂ ಒಬ್ಬಳೇ ಎಂಬುದು ಊರಿಗೆ ಹೊಳೆದದ್ದು ಅವಳು ಹೋದ ಮೇಲೆ.

ಈಗಲೂ ಅಲ್ಲಿಗೆ ಹೋದವರು ನೋಡಬಹುದು. ಕಾಲುವೆಯ ಕಲ್ಲುಗಳಿಗೆ ಒಂದು ಮಗ್ಗುಲು ಕೆಂಪು, ಒಂದು ಮಗ್ಗುಲು ಬಿಳುಪು. ಬಂದವರೆಲ್ಲ ಒಂದಾದರೂ ಕಲ್ಲನ್ನು ಉಜ್ಜಿ ಹೊರಳಿಸಬೇಕು, ಆಮೇಲೆ ಒಡ್ಡಿನ ಮೇಲೆ, ಅವಳ ಗುಡ್ಡೆಯ ಪಕ್ಕದಲ್ಲಿ ನಿಂತು ತಮ್ಮ ಮನೆಯ ಒಂದು ಸುದ್ದಿಯನ್ನು ನೀರಿಗೆ ಹೇಳಬೇಕು. ಸುದ್ದಿಯೇ ಇಲ್ಲದವರು ಏನು ಮಾಡಬೇಕೆಂದು ನಾನು ಒಮ್ಮೆ ಅಲ್ಲಿ ಕಲ್ಲು ಉಜ್ಜುತ್ತಿದ್ದ ಮುದುಕಿಯನ್ನು ಕೇಳಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು, ನನ್ನ ಕಡೆ ತಿರುಗದೆ ನೀರಿನ ಕಡೆಗೇ ಮುಖ ಮಾಡಿ ಹೇಳಿದಳು: "ಇವತ್ತು ಯಾರೋ ಹೊಸಬ್ರು ಬಂದವ್ರೆ ಕಣಪ್ಪ ಪಾಲಯ್ಯ, ನಿಮ್ಮಿಬ್ರ ಸುದ್ದಿ ಕೇಳ್ತಾವ್ರೆ."