ಸದ್ದು ಸುಮ್ಮನಿದ್ದ ಹೊತ್ತು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿನ ಗುರುಗಳು ಫಕೀರಯ್ಯ ಅಜ್ಜ.

ಮಠಕ್ಕೆ ಹೊಲವಿತ್ತು. ಹೊಲಕ್ಕೆ ಒಂದು ಮುದಿ ಟ್ರ್ಯಾಕ್ಟರ್ ಇತ್ತು. ಅದು ಮಠಕ್ಕೆ ಬಂದಂದಿನಿಂದ ಅದನ್ನು ಓಡಿಸುತ್ತಿದ್ದವರು ದಾವಲಸಾಬರು. ಅವರಿಗೂ ವಯಸ್ಸಾಗಿತ್ತು.

ಅಜ್ಜನ ಶಿಷ್ಯ ಅಡಿವೆಪ್ಪ. ಮಠ ಸೇರುವ ಮೊದಲು ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. ಹಾಗಾಗಿ ಮಠದ ಪಂಪು, ಹಿಟ್ಟಿನ ಗಿರಣಿ, ಟ್ರ್ಯಾಕ್ಟರ್ ಎಲ್ಲವನ್ನೂ ನೋಡಿಕೊಳ್ಳುವ ಹೊಣೆ ಅವನದೇ.

ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಹೊಲ ಹದಕ್ಕೆ ಬಂದಿತ್ತು. ಇನ್ನೇನು ಮಣ್ಣು ಹರಗಿ ಹೆಸರುಕಾಳು ಬಿತ್ತಬೇಕು ಅನ್ನುವಾಗ ಟ್ರ್ಯಾಕ್ಟರಿನ ಹೊಟ್ಟೆಯಿಂದ ಸದ್ದು ಬಂತು.

ಟಕ್. ಟಕ್. ಟಕ್.

ಅಡಿವೆಪ್ಪ ಓಡಿಬಂದ.

"ಗೇರ್ ಹಲ್ಲು ಮುರದೈತಿ. ಕಾಕಾ, ಕ್ಲಚ್ ಪೂರಾ ತುಳೀಲಾರದ ಗೇರ್ ಹಾಕಿರೇನು?"

"ಇಲ್ರಿ, ತುಳದ ಹಾಕೀನಿ," ಎಂದರು ದಾವಲಸಾಬರು.

"ಕಾಲಾಗ ಮೊದಲಿನ ಬಲ ಇಲ್ಲ ನಿಮಗ. ಇಳೀರಿ. ಇನ್ನ ನಾನ ಓಡಸ್ತೀನಿ."

ದಾವಲಸಾಬರು ಇಳಿದರು. ಗೋದಲಿಯ ಕಡೆ ಹೋಗಿ, ಕುಡುಗೋಲು ತಗೊಂಡು ದನಗಳಿಗೆ ಮೇವು ಹೆಚ್ಚತೊಡಗಿದರು.

ಅಡಿವೆಪ್ಪ ಎಣ್ಣೆ ಇಳಿಸಿದ. ಗೇರ್ ಬಾಕ್ಸಿನ ಮುಚ್ಚಳ ಬಿಚ್ಚಿದ. ಒಂದೊಂದು ಹಲ್ಲನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಎಲ್ಲವೂ ಗಟ್ಟಿಯಾಗಿದ್ದವು.

ಮುಚ್ಚಳ ಹಾಕಿ, ಎಣ್ಣೆ ತುಂಬಿ, ತಾನೇ ಹತ್ತಿ ಓಡಿಸಿದ.

ಟಕ್. ಟಕ್. ಟಕ್.

ಅವನು ಅಜ್ಜನ ಬಳಿ ಹೋದ. ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತು ಒದ್ದೆ ಅರಿವೆ ಹಿಂಡುತ್ತಿದ್ದರು.

"ಅಜ್ಜಾರ, ದಾವಲಸಾಬ ಕಾಕಾನ್ನ ಗಾಡಿ ಮ್ಯಾಲಿಂದ ಇಳಿಸೀನ್ರಿ. ಅವರ ಕೈಯಾಗ ಇನ್ನ ಕೊಡೂದು ಬ್ಯಾಡ."

"ಅವನು ಇಳಿದ ಮ್ಯಾಲೆ ಸದ್ದು ನಿಂತಿತೇನು?"

ಅಡಿವೆಪ್ಪ ತಡವರಿಸಿದ. "ನಿಂತಿಲ್ರಿ."

"ಯಾವಾಗ ಬರತೈತಿ ಅದು?"

"ಯಾವಾಗಲೂ ಬರತೈತ್ರಿ."

ಅಜ್ಜ ದಂಡೆಯ ಮೇಲೆ ನಿಂತಿದ್ದ ಟ್ರ್ಯಾಕ್ಟರ್ ಕಡೆ ಕಿವಿಗೊಟ್ಟರು. "ಈಗ ಬರವಲ್ದಲ್ಲಾ."

"ನಿಂತ ಗಾಡಿ ಹೆಂಗ ಸದ್ದು ಮಾಡತೈತ್ರಿ ಅಜ್ಜಾರ?"

"ಹಂಗಾರ ಯಾವಾಗಲೂ ಅಲ್ಲ. ಸುಮ್ಮನಿರೂದು ಯಾವಾಗ, ಅದನ್ನ ಮೊದಲ ನೋಡು. ನೋಡಿ ಬಾ."

ಅಡಿವೆಪ್ಪನಿಗೆ ಸಿಟ್ಟೇ ಬಂತು. ಹದ ಆರಿಹೋಗುತ್ತಿದೆ, ಅಜ್ಜ ಒಗಟು ಹೇಳುತ್ತಿದ್ದಾರೆ. ಆದರೂ ಹೋದ.

ಟ್ರ್ಯಾಕ್ಟರನ್ನು ನಿಲ್ಲಿಸಿಯೇ ಎಂಜಿನ್ ಚಾಲೂ ಮಾಡಿದ. ಸದ್ದಿಲ್ಲ. ಎಂಜಿನ್ ಏರಿಸಿದ. ಆಗಲೂ ಸದ್ದಿಲ್ಲ.

ಮೊದಲನೇ ಗೇರಿನಲ್ಲಿ ಓಡಿಸಿದ, ಸದ್ದು ನಿಧಾನ. ಮೇಲಿನ ಗೇರಿಗೆ ಹೋದ, ಸದ್ದು ಜೋರು. ಒಂದೇ ಹಲ್ಲು ಮುರಿದಿದ್ದರೆ ಎಲ್ಲ ಗೇರಿನಲ್ಲೂ ಯಾಕೆ ಬರಬೇಕು?

ಹೊಳೆಯ ಕಡೆಗಿನ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿ ತಾನಾಗಿ ಉರುಳಲು ಬಿಟ್ಟ. ಗೇರಿಗೂ ಗಾಲಿಗೂ ಈಗ ಸಂಬಂಧವಿಲ್ಲ.

ಟಕ್. ಟಕ್. ಟಕ್.

ಅಡಿವೆಪ್ಪ ಬ್ರೇಕ್ ಹಾಕಿ ಹಾಗೆಯೇ ಕೂತ. ಸದ್ದು ಗೇರಿನ ಜೊತೆ ಇರಲಿಲ್ಲ. ಗಾಲಿಯ ಜೊತೆ ಇತ್ತು.

ಸಪಾಟು ಜಾಗಕ್ಕೆ ತಂದು, ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಬಲಗಾಲಿಗೆ ಜಾಕ್ ಹಚ್ಚಿ ಕೈಯಿಂದ ತಿರುಗಿಸಿದ. ಅದು ಸುಮ್ಮನೆ ತಿರುಗಿತು. ಎಡಗಾಲಿಯನ್ನು ಎತ್ತಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗಾಲಿಯ ಒಳಬದಿಯ ಕಬ್ಬಿಣಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು, ಇನ್ನೊಂದು ಕೈಯಿಂದ ಗಾಲಿಯನ್ನು ಮೆಲ್ಲಗೆ ದೂಡಿದ.

ಟಕ್.

ಬಿಚ್ಚಿದಾಗ ಬೇರಿಂಗಿನ ಒಂದು ಗುಂಡು ಒಡೆದು ಹೋಳಾಗಿತ್ತು.

ಪೇಟೆಗೆ ಹೋಗಿ ಹೊಸ ಬೇರಿಂಗ್ ತಂದು ಕೂಡಿಸಿದ. ಸದ್ದು ನಿಂತಿತು. ಒಡೆದ ಗುಂಡನ್ನು ಅಂಗೈಯಲ್ಲಿಟ್ಟುಕೊಂಡು ಅಜ್ಜನ ಮುಂದೆ ನಿಂತ.

"ಗೇರ್ ಅಲ್ರಿ ಅಜ್ಜಾರ. ಎಡಗಾಲಿ ಬೇರಿಂಗ್."

"ಯಾರು ಒಡದಾರ?"

"ಯಾರೂ ಅಲ್ರಿ. ತಿರುಗಿ ತಿರುಗಿ ಸವದೈತಿ. ಕಾಕಾಂದೇನೂ ತಪ್ಪಿಲ್ಲ."

"ನನಗ ಯಾಕ ಹೇಳತಿ ಇದನ್ನ?"

ಅಡಿವೆಪ್ಪ ತಲೆ ತಗ್ಗಿಸಿದ. ಗೋದಲಿಯ ಕಡೆ ನಡೆದ.

ದಾವಲಸಾಬರು ಮೇವು ಹೆಚ್ಚುತ್ತಲೇ ಇದ್ದರು. ಅಡಿವೆಪ್ಪ ಅವರೆದುರು ಕುಕ್ಕರಗಾಲಲ್ಲಿ ಕೂತ.

"ಕಾಕಾ, ತಪ್ಪಾತು. ಸುಮ್ಮಸುಮ್ಮನ ನಿಮ್ಮ ಮ್ಯಾಲೆ ಹಾಕಿಬಿಟ್ಟೆ."

ಕುಡುಗೋಲು ನಿಂತಿತು.

"ಆ ಸದ್ದು ನನಗ ಹೋಳಿ ಹುಣ್ಣಿಮಿ ಮುಂದನ ಕೇಳಿತ್ರಿ. ಆಗಿನ್ನೂ ಭಾಳ ಸಣ್ಣದಿತ್ತು. ಎಲ್ಲಿಂದ ಬರತೈತಿ ಅಂತ ತಿಳೀಲಿಲ್ಲ. ಅದಕ್ಕ ಸಾವಕಾಶ ಓಡಸ್ತಿದ್ದೆ."

"ಮತ್ತ ಆಗ ಯಾಕ ಹೇಳ್ಲಿಲ್ಲ?"

ದಾವಲಸಾಬರು ಹೆಚ್ಚಿದ ಮೇವನ್ನು ಒಂದು ಬದಿಗೆ ಸರಿಸಿದರು.

"ಹ್ವಾದ ವರ್ಷ ಎಣ್ಣಿ ಸೋರಾಕತ್ತೈತಿ ಅಂತ ಹೇಳಿದ್ದೆ. ಊಟದ ಪಂಕ್ತಿಯೊಳಗ, ಎಲ್ಲಾರ ಮುಂದ, 'ಏನ್ ಮಾಡಿಟ್ರಿ ಅದನ್ನ' ಅಂತ ಕೇಳಿದ್ರಿ. ಅವತ್ತಿಂದ ಹೇಳೂದ ಬಿಟ್ಟೆ."

ಅಡಿವೆಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಎಣ್ಣೆ ಸೋರಿದ್ದು ನೆನಪಿತ್ತು. ರಿಪೇರಿ ಮಾಡಿದ್ದು ನೆನಪಿತ್ತು. ತಾನಾಡಿದ ಆ ಮಾತು ಮಾತ್ರ ನೆನಪಿರಲಿಲ್ಲ.

ಅದೇ ಅವನಿಗೆ ಹೆಚ್ಚು ಚುಚ್ಚಿತು.

"ಗಾಡಿ ಮುದಿ ಆತು ಅಂದ್ರ ಮಾರ್ತೀರಿ," ಎಂದರು ದಾವಲಸಾಬರು. "ಓಡಸಾಂವ ಮುದಿ ಆದ ಅಂದ್ರ ಮನಿಗೆ ಕಳಸ್ತೀರಿ. ಅದಕ್ಕ ಅದೂ ನಾನೂ ಕೂಡೇ ಸಾವಕಾಶ ನಡೀತಿದ್ವಿ."

ಅಡಿವೆಪ್ಪ ಕೈ ಚಾಚಿ ಕುಡುಗೋಲು ತಗೊಂಡ.

"ಇದನ್ನ ನಾ ಹೆಚ್ಚತೀನಿ ಕಾಕಾ. ಹೊಲ ಕಾಯಾಕತ್ತೈತಿ. ನೀವು ಹತ್ತರಿ."

ಎರಡು ದಿನದಲ್ಲಿ ಹೊಲ ಹರಗಿ ಮುಗಿಯಿತು. ಹೆಸರು ಬಿತ್ತಿದ್ದೂ ಆಯಿತು.

ಬಿತ್ತನೆ ಮುಗಿದ ಮೇಲೆ ಒಂದು ಮುಂಜಾನೆ ಅಡಿವೆಪ್ಪ ಮತ್ತೆ ಅಜ್ಜನ ಬಳಿ ಬಂದ. ಮೈಕೈಯೆಲ್ಲ ಗ್ರೀಸು. ಮುಖದಲ್ಲಿ ದಣಿವು.

"ಅಜ್ಜಾರ, ಇದೇನ ಫಜೀತಿ ಆತ್ರಿ. ಮೊದಲ ಕಾಕಾ ಬಾಯಿ ಬಿಡ್ತಿದ್ದಿಲ್ಲ. ಈಗ ದಿನಾ ಒಂದ ಹೇಳತಾರ. ನಿನ್ನೆ ಬ್ರೇಕ್ ಒಂದ ಕಡೆ ಎಳೀತೈತಿ ಅಂದ್ರು. ಇವತ್ತ ಸ್ಟೇರಿಂಗ್ ಸಡಲಾಗಿ ಆಟ ಭಾಳ ಆಗೈತಿ ಅಂದ್ರು. ನಾಳಿಗೆ ರೇಡಿಯೇಟರ್ ನೋಡ್ರಿ ಅಂತ ಈಗಲೇ ಹೇಳಿಟ್ಟಾರ."

ಅಜ್ಜ ನಕ್ಕರು.

"ಹಂಗಾರ ಗಾಡಿ ರಿಪೇರಿ ಆತು ಬಿಡು."